ವಿದೇಶಿ ವಿದ್ಯಾರ್ಥಿಗಳಿಂದ ಓದಿಸುವ ದೇಶಕ್ಕೆ ಎಷ್ಟು ಲಾಭ? ಮೊದಲು ದುಡ್ಡು ಎಲ್ಲಿಂದ ಬಂತು ನೋಡಿ

ಪರೀಕ್ಷೆಯಲ್ಲಿ ಈ ಪ್ರಶ್ನೆ ಬಂದರೆ ಬರೆಯುವ ನೇರ (ವಿದ್ಯಾರ್ಥಿಯ ಖರ್ಚು), ಪರೋಕ್ಷ (ಆ ಅಂಗಡಿಯವರು ಸರಕಿಗೆ ಮಾಡುವ ಖರ್ಚು), ಪ್ರೇರಿತ (ಅಲ್ಲಿ ದುಡಿದವರು ಸಂಬಳದಿಂದ ಮಾಡುವ ಖರ್ಚು) ಪರಿಣಾಮ ಅಂತ ಮೂರನ್ನು ಎಲ್ಲ ಗೈಡಲ್ಲೂ ಕೊಟ್ಟಿರುತ್ತಾರೆ, ವಿವರ ಮತ್ತೆ ಬರೆಯಲ್ಲ. ಲೆಕ್ಕ ಕೆಡುವುದು ಅದಕ್ಕೂ ಮೊದಲು, ಯಾವ ದುಡ್ಡನ್ನು ಎಣಿಸಬೇಕು ಅನ್ನುವಲ್ಲಿ.

ನಮ್ಮ ಬಳ್ಳಾರಿಯನ್ನೇ ತಗೊಳ್ಳಿ. ಕೊಪ್ಪಳದ ಹುಡುಗಿ ಇಲ್ಲಿ ಪಿಜಿ ಹಿಡಿದು ಮೆಸ್ಸಿಗೆ ತಿಂಗಳಿಗೆ 3000 ಕಟ್ಟಿದರೆ ಅದು ಬಳ್ಳಾರಿಗೆ ಹೊಸ ದುಡ್ಡು. ಕೌಲ್ ಬಜಾರಿನ ಹುಡುಗ ಅದೇ ಮೆಸ್ಸಲ್ಲಿ ಉಂಡರೆ ಅಲ್ಲ. ಅವನ ದುಡ್ಡು ಊರಲ್ಲೇ ಇತ್ತು, ಈ ಮೆಸ್ ಇಲ್ಲದಿದ್ದರೆ ಪಕ್ಕದ ಅಂಗಡಿಗೆ ಹೋಗುತ್ತಿತ್ತು. ಇನ್ನು ಮೆಸ್ಸಿನವರು ಸಿರುಗುಪ್ಪದ ಅಕ್ಕಿ ತಂದರೆ ದುಡ್ಡು ಜಿಲ್ಲೆಯಲ್ಲೇ ಸುತ್ತುತ್ತದೆ, ಗಂಗಾವತಿ ಅಕ್ಕಿ ತಂದರೆ ಕೊಪ್ಪಳ ಜಿಲ್ಲೆಗೇ ವಾಪಸ್. ಇದೇ ಸೋರಿಕೆ. ಪ್ರತಿ ಸುತ್ತಿನಲ್ಲಿ ನೂರಕ್ಕೆ 40 ಮಾತ್ರ ಉಳಿಯುತ್ತದೆ ಅಂತಿಟ್ಟುಕೊಳ್ಳಿ: 100, 40, 16, 6.4... ಕೂಡಿಸುತ್ತಾ ಕೂರಬೇಡಿ, 1ರಲ್ಲಿ 0.4 ಕಳೆದು ಬಂದ 0.6ರಿಂದ 100ನ್ನು ಭಾಗಿಸಿ. ಸುಮಾರು 167. ಅಂದರೆ ಹೊಸ ದುಡ್ಡು ಒಟ್ಟು ಎಷ್ಟು ಪಟ್ಟಾಗುತ್ತದೆ ಅನ್ನುವ ಗುಣಕ 1.67.

ಈಗ ದೇಶದ ಮಟ್ಟಕ್ಕೆ ಬನ್ನಿ. ಇಲ್ಲಿ ನಿಧಾನವಾಗಿ ಓದಿ. ಪಾವತಿ ಶೇಷದ ಲೆಕ್ಕದಲ್ಲಿ (ಒಂದು ದೇಶದವರಿಗೂ ಹೊರಗಿನವರಿಗೂ ನಡೆಯುವ ವ್ಯವಹಾರದ ಲೆಕ್ಕ) ಒಂದು ವರ್ಷ ಅಥವಾ ಜಾಸ್ತಿ ಇನ್ನೊಂದು ದೇಶದಲ್ಲಿ ಇದ್ದವರು ಸಾಮಾನ್ಯವಾಗಿ ಆ ದೇಶದ ನಿವಾಸಿಗಳು. ಆದರೆ ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಕೈಪಿಡಿಯಲ್ಲಿ ಪೂರ್ಣಾವಧಿ ವಿದ್ಯಾರ್ಥಿಗಳಿಗೆ ವಿನಾಯಿತಿ ಇದೆ, ಎಷ್ಟು ವರ್ಷ ಓದಿದರೂ ತವರು ದೇಶದ ನಿವಾಸಿಗಳೇ. ಹಾಗಾಗಿ ರಾಯಚೂರಿನ ಹುಡುಗ ಮೆಲ್ಬರ್ನಿನಲ್ಲಿ ಕಟ್ಟುವ ಫೀ, ಬಾಡಿಗೆ, ಊಟದ ಖರ್ಚು ಎಲ್ಲ ಆಸ್ಟ್ರೇಲಿಯಾದ ರಫ್ತು. ಹಡಗಿಗೆ ಏನೂ ಹತ್ತಿಲ್ಲ, ಆದರೂ ರಫ್ತೇ, ಯಾಕೆಂದರೆ ಕೊಳ್ಳುವವನು ಹೊರದೇಶದ ನಿವಾಸಿ.

ಅವನು ಅಲ್ಲೇ ಸಂಜೆ ಹೋಟೆಲಲ್ಲಿ ದುಡಿದು ಬಾಡಿಗೆ ಕಟ್ಟಿದರೆ? ಬಾಡಿಗೆ ಆಗಲೂ ರಫ್ತೇ. ಆದರೆ ಅವನಿಗೆ ಕೊಟ್ಟ ಸಂಬಳ ಅನಿವಾಸಿಗೆ ಕೊಟ್ಟ ವೇತನ ಅಂತ ಬೇರೆ ಸಾಲಿನಲ್ಲಿ ಹೊರಗೆ ಹೋದ ಲೆಕ್ಕ. 1000 ಡಾಲರ್ ದುಡಿದು ಅಷ್ಟನ್ನೂ ಅಲ್ಲೇ ಖರ್ಚು ಮಾಡಿದರೆ ರಫ್ತು ಪ್ಲಸ್ 1000, ವೇತನ ಮೈನಸ್ 1000, ಕೊನೆಗೆ ಸೊನ್ನೆ. ರಫ್ತಿನ ಸಾಲು ಒಂದನ್ನೇ ನೋಡಿದವರಿಗೆ ಅಷ್ಟೂ ದುಡ್ಡು ಭಾರತದಿಂದ ಬಂತು ಅನಿಸುತ್ತದೆ, ಅಲ್ವಾ? ಅವನ ದುಡಿಮೆಯಿಂದ ಆ ದೇಶಕ್ಕೆ ಲಾಭವೇ ಇಲ್ಲ ಅಂತಲ್ಲ. ಲಾಭ ಇದೆ, ಅದು ಉತ್ಪಾದನೆಯ ಲೆಕ್ಕದಲ್ಲಿ ಸಿಗುತ್ತದೆ.

ಸುದ್ದಿಯಲ್ಲಿ ಬರುವ ದೊಡ್ಡ ಅಂಕಿಗಳನ್ನು ಸುಮ್ನೆ ಅಕ್ಕಪಕ್ಕ ಇಡಬೇಡಿ. ಅಮೆರಿಕದ ಅಂತರರಾಷ್ಟ್ರೀಯ ಶಿಕ್ಷಣದವರ ಸಂಘ ನಾಫ್ಸಾ 2023-24ಕ್ಕೆ ಕೊಟ್ಟ 4,380 ಕೋಟಿ ಡಾಲರ್ ಒಂದು ಶೈಕ್ಷಣಿಕ ವರ್ಷದ್ದು. ಫೀ ಮತ್ತು ಜೀವನ ಖರ್ಚು ಕೂಡಿಸಿ, ಅಮೆರಿಕದೊಳಗಿನಿಂದಲೇ ಸಿಕ್ಕ ನೆರವನ್ನು ಕಳೆಯುತ್ತಾರೆ, ಗುಣಕ ಹಾಕುವುದಿಲ್ಲ. ಬ್ರಿಟನ್ನಿನ ಲಂಡನ್ ಎಕನಾಮಿಕ್ಸ್ ಅನ್ನುವ ಸಲಹಾ ಸಂಸ್ಥೆಯ ಲೆಕ್ಕವೇ ಬೇರೆ. 2021-22ರಲ್ಲಿ ಸೇರಿದ ವಿದೇಶಿ ವಿದ್ಯಾರ್ಥಿಗಳ ಒಂದು ತಂಡ ಕೋರ್ಸ್ ಮುಗಿಸುವವರೆಗಿನ ಲಾಭ 4,190 ಕೋಟಿ ಪೌಂಡ್, ಸಾರ್ವಜನಿಕ ಸೇವೆಗಳ ವೆಚ್ಚ 440 ಕೋಟಿ, ನಿವ್ವಳ 3,740 ಕೋಟಿ (ಅಂಕಿಗಳನ್ನು ದುಂಡಾಗಿಸಿದ್ದರಿಂದ 10 ಕೋಟಿ ವ್ಯತ್ಯಾಸ ಕಾಣುತ್ತದೆ). ಅಲ್ಲಿ ಗುಣಕವೂ ಸೇರಿದೆ. ವೆಚ್ಚ ಕಳೆದು ತೋರಿಸುವ ಈ ಪದ್ಧತಿ ನನಗೆ ಜಾಸ್ತಿ ಪ್ರಾಮಾಣಿಕ ಅನಿಸುತ್ತದೆ.

ಎರಡರಲ್ಲೂ ಇಲ್ಲದ್ದು ತವರಿನ ಕಡೆಯ ಲೆಕ್ಕ. ಹೊಲ ಅಡ ಇಟ್ಟು ಕಳಿಸಿದ ದುಡ್ಡೂ ಆ ಮೊತ್ತದೊಳಗೆ ಇರುತ್ತದೆ. ಪ್ರಶ್ನೆಯಲ್ಲಿ ಭಾರತದ ಹೆಸರಿದ್ದರೆ ಆರ್‌ಬಿಐನ ಉದಾರೀಕೃತ ರವಾನೆ ಯೋಜನೆಯ (ಇಲ್ಲಿನವರು ಹೊರದೇಶಕ್ಕೆ ದುಡ್ಡು ಕಳಿಸುವ ವ್ಯವಸ್ಥೆ) ಪಟ್ಟಿಯಲ್ಲಿ ವಿದೇಶ ವ್ಯಾಸಂಗದ ಸಾಲನ್ನೂ ಬರೆಯಿರಿ.