ಯೆಹೂದ್ಯರಿಗಾಗಿ ಪ್ರಾರ್ಥನೆ: ಮೊಣಕಾಲೂರದೇ ಕಳೆದ ಶತಮಾನಗಳು

2023ರ ಅಕ್ಟೋಬರ್‌ನಲ್ಲಿ ಹಮಾಸ್ ಇಸ್ರೇಲ್ ಮೇಲೆ ದಾಳಿ ಮಾಡಿ ಗಾಜಾ ಯುದ್ಧ ಶುರುವಾದ್ಮೇಲೆ ನಮ್ಮ ಪ್ರೇಯರ್ ಗ್ರೂಪ್‌ಗಳಲ್ಲಿ ಈ ಚರ್ಚೆ ನಿಂತೇ ಇಲ್ಲ. ಯೆಹೂದ್ಯರ ಜೊತೆ ನಿಲ್ಲೋದು ಕ್ರೈಸ್ತರ ಕರ್ತವ್ಯ ಅಂತ ಒಬ್ರು ಯೆರೂಸಲೇಮಿನ ಶಾಂತಿಗಾಗಿ ಪ್ರಾರ್ಥಿಸಿ ಅನ್ನೋ ಬೈಬಲ್‌ನ 122ನೇ ಕೀರ್ತನೆ ಫಾರ್ವರ್ಡ್ ಮಾಡ್ತಾರೆ, ಇನ್ನೊಬ್ರು ಗಾಜಾದ ಮಕ್ಕಳ ಫೋಟೋ ಹಾಕಿ ಇವ್ರಿಗೆ ಯಾರು ಪ್ರಾರ್ಥನೆ ಮಾಡ್ತಾರೆ ಅಂತ ಕೇಳ್ತಾರೆ, ಅಲ್ಲಿಂದ ಮಾತು ಇಸ್ರೇಲ್ ಸರ್ಕಾರ, ಅಮೆರಿಕದ ಎಲೆಕ್ಷನ್, ಕಡೇ ದಿನಗಳ ಪ್ರವಾದನೆ ಅಂತ ಎಲ್ಲೆಲ್ಲೋ ಹೋಗಿ ಕೊನೆಗೆ ಯಾರೋ ಒಬ್ರು ಗ್ರೂಪ್ ಬಿಟ್ಟು ಹೋಗ್ತಾರೆ. ಈ ಗಲಾಟೆಯಲ್ಲಿ ಒಂದು ವಿಷಯ ಯಾರೂ ಎತ್ತಲ್ಲ. ಯೆಹೂದ್ಯರಿಗಾಗಿ ಪ್ರಾರ್ಥನೆ ಧರ್ಮಸಭೆಯಲ್ಲಿ, ಅಂದ್ರೆ ಕಥೋಲಿಕ ಚರ್ಚಿನಲ್ಲಿ, ಹಿಂದಿನಿಂದಲೂ ಇತ್ತು, ಅದನ್ನ ಹೇಗೆ ಮಾಡ್ತಿದ್ರು ಅನ್ನೋದೇ ಸಮಸ್ಯೆ.

ಮೂಲಕ್ಕೆ ಹೋದ್ರೆ ಯೇಸು, ಮರಿಯಮ್ಮ, ಪೌಲ ಎಲ್ಲರೂ ಯೆಹೂದ್ಯರೇ. ರೋಮಾಪುರದವರಿಗೆ ಬರೆದ ಪತ್ರದ 11ನೇ ಅಧ್ಯಾಯದಲ್ಲಿ ಪೌಲ ಅನ್ಯಜನಾಂಗದ ವಿಶ್ವಾಸಿಗಳಿಗೆ ಖಡಾಖಂಡಿತವಾಗಿ ಹೇಳ್ತಾನೆ: ನೀವು ಕಾಡು ಎಣ್ಣೆಮರದಿಂದ (ಆಲಿವ್ ಮರ) ತಂದು ಕಸಿಕಟ್ಟಿದ ಕೊಂಬೆಗಳು, ಬೇರನ್ನ ಹೊತ್ತಿರೋದು ನೀವಲ್ಲ, ಬೇರೇ ನಿಮ್ಮನ್ನ ಹೊತ್ತಿದೆ, ಜಂಬ ಬೇಡ. ಆಮೇಲಿನ ಶತಮಾನಗಳಲ್ಲಿ ಈ ಮಾತೊಂದನ್ನ ಬಿಟ್ಟು ಮಿಕ್ಕಿದ್ದೆಲ್ಲ ನಡೀತು. 1096ರಲ್ಲಿ ರೈನ್ ನದಿ ಊರುಗಳ ಕಗ್ಗೊಲೆ, 1290ರಲ್ಲಿ ಇಂಗ್ಲೆಂಡಿಂದ ಗಡೀಪಾರು, 1492ರಲ್ಲಿ ಸ್ಪೇನಿಂದ, 1555ರಲ್ಲಿ ರೋಮ್‌ನಲ್ಲೇ ಯೆಹೂದ್ಯರನ್ನ ಕೂಡಿಹಾಕೋಕೆ ಗೋಡೆ ಕಟ್ಟಿದ ಕೇರಿ, ಅಂದ್ರೆ ಘೆಟ್ಟೋ. ಪ್ರೊಟೆಸ್ಟೆಂಟ್ ಕಡೆ ಕಥೆಯೂ ಬೇರೆ ಏನಲ್ಲ.

ಇಷ್ಟೆಲ್ಲದರ ಮಧ್ಯೆ ಪ್ರತಿ ಶುಭ ಶುಕ್ರವಾರ ಪ್ರಾರ್ಥನೆ ಮಾತ್ರ ತಪ್ಪಲಿಲ್ಲ. ಅವತ್ತು ಕಥೋಲಿಕ ಚರ್ಚುಗಳಲ್ಲಿ ಸಾಲಾಗಿ ಕೆಲವು ವಿಶೇಷ ಬಿನ್ನಹಗಳಿರ್ತವೆ, ಧರ್ಮಸಭೆಗೆ, ಪೋಪ್‌ಗೆ, ಕಷ್ಟದಲ್ಲಿರೋರಿಗೆ ಹೀಗೆ. ಪ್ರತಿಯೊಂದಕ್ಕೂ ಮೊದಲು ಮೊಣಕಾಲೂರಿ ಅಂತ ಹೇಳ್ತಾರೆ, ಎಲ್ಲರೂ ಮೊಣಕಾಲೂರಿ, ಕ್ಷಣಕಾಲ ಮೌನವಾಗಿದ್ದು ಏಳ್ತಾರೆ. ಯೆಹೂದ್ಯರ ಸರದಿ ಬಂದಾಗ ಮಾತ್ರ ಯಾರೂ ಮೊಣಕಾಲೂರ್ತಿರ್ಲಿಲ್ಲ. ಸುಮಾರು 9ನೇ ಶತಮಾನದಿಂದ 20ನೇ ಶತಮಾನದ ನಡುವಿನ ತನಕ ಹೀಗೇ ನಡೀತು. ಪ್ರಾರ್ಥನೆಯಲ್ಲೂ ಅವರನ್ನ ವಿಶ್ವಾಸಗೆಟ್ಟವರು ಅನ್ನೋ ಅರ್ಥದಲ್ಲಿ ಕರೀತಿದ್ರು. ಪಕ್ಕದವನಿಗಾಗಿ ದೇವರ ಮುಂದೆ ಮಂಡಿಯೂರೋಕೂ ಒಲ್ಲೆ ಅಂದ ಜನ ಬೀದಿಯಲ್ಲಿ ಅವನಿಗೆ ಹೊಡೆತ ಬೀಳುವಾಗ ಅಡ್ಡ ನಿಲ್ತಾರಾ?

ಇದನ್ನ ಸರಿಮಾಡೋ ಪ್ರಯತ್ನ ಹಿಟ್ಲರ್ ಬರೋಕೆ ಮುಂಚೆಯೇ ಆಗಿತ್ತು ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. 1926ರಲ್ಲಿ ರೋಮ್‌ನಲ್ಲಿ 'ಅಮಿಚಿ ಇಸ್ರೇಲ್' (ಇಸ್ರೇಲಿನ ಸ್ನೇಹಿತರು) ಅಂತ ಗುರುಗಳ ಸಂಘ ಶುರುವಾಯ್ತು, ಕಾರ್ಡಿನಲ್‌ಗಳು, ನೂರಾರು ಬಿಷಪ್‌ಗಳು, ಸಾವಿರಾರು ಫಾದರ್‌ಗಳು ಸೇರ್ಕೊಂಡ್ರು. ಪ್ರಾರ್ಥನೆಯಿಂದ ವಿಶ್ವಾಸಗೆಟ್ಟವರು ಅನ್ನೋ ಆ ಪದ ತೆಗೀರಿ, ಮೊಣಕಾಲೂರೋದನ್ನ ವಾಪಸ್ ತನ್ನಿ ಅಂತ ಕೇಳಿದ್ರು. 1928ರ ಮಾರ್ಚ್‌ನಲ್ಲಿ ವ್ಯಾಟಿಕನ್‌ನವರು ಸಂಘವನ್ನೇ ವಿಸರ್ಜಿಸಿದ್ರು, ಅದೇ ಆಜ್ಞೆಯಲ್ಲಿ ಯೆಹೂದ್ಯದ್ವೇಷವನ್ನೂ ಖಂಡಿಸಿದ್ರು. ಖಂಡನೆ ಕಾಗದದಲ್ಲೇ ಉಳೀತು, ಪ್ರಾರ್ಥನೆ ಹಾಗೇ ಮುಂದುವರೀತು. ಮುಂದೆ ಯೂರೋಪಿನಲ್ಲಿ 60 ಲಕ್ಷ ಯೆಹೂದ್ಯರ ಕೊಲೆಯಾಯ್ತು.

ನಿಂತವರೂ ಇದ್ರು, ಅದನ್ನೂ ಹೇಳ್ಲೇಬೇಕು. 1943ರ ಅಕ್ಟೋಬರ್ 3ರ ಭಾನುವಾರ ಡೆನ್ಮಾರ್ಕಿನ ಲೂಥರನ್ ಚರ್ಚುಗಳಲ್ಲಿ ಬಿಷಪ್‌ಗಳ ಪತ್ರ ಓದಿದ್ರು, ಯೆಹೂದ್ಯರನ್ನ ಹಿಂಸಿಸೋದನ್ನ ವಿರೋಧಿಸ್ಬೇಕು ಅಂತ, ಅದೂ ನಾಜಿ ಸೈನ್ಯ ದೇಶದೊಳಗಿರುವಾಗ್ಲೇ. ಆ ವಾರಗಳಲ್ಲಿ ಮೀನುಗಾರರು, ಡಾಕ್ಟರ್‌ಗಳು, ಪಾಸ್ಟರ್‌ಗಳು ಸೇರಿ 7000ಕ್ಕೂ ಹೆಚ್ಚು ಯೆಹೂದ್ಯರನ್ನ ದೋಣಿಯಲ್ಲಿ ಸ್ವೀಡನ್‌ಗೆ ದಾಟಿಸಿದ್ರು.

ಯುದ್ಧ ಮುಗಿದ್ಮೇಲೆ ಬದಲಾವಣೆ ಬೇಗ ಬೇಗ ಬಂತು. ಮೊಣಕಾಲೂರೋದು 1955ರ ಸುಧಾರಣೆಯಲ್ಲಿ ವಾಪಸ್ ಬಂತು, 1959ರಲ್ಲಿ ಪೋಪ್ 23ನೇ ಜಾನ್ ಆ ಪದವನ್ನ ತೆಗೆಸಿದ್ರು. 1963ರ ಶುಭ ಶುಕ್ರವಾರ ಪೂಜಾವಿಧಿಯಲ್ಲಿ ಅಭ್ಯಾಸಬಲದಿಂದ ಹಳೇ ಪದವೇ ಬಂದಾಗ ಅವರು ಅಲ್ಲೇ ನಿಲ್ಸಿ, ಪ್ರಾರ್ಥನೆಯನ್ನ ಮತ್ತೆ ಹೇಳಿಸಿದ್ರಂತೆ. ಅವರನ್ನ 1960ರ ಜೂನ್‌ನಲ್ಲಿ ಜೂಲ್ ಇಸಾಕ್ ಅನ್ನೋ ಫ್ರೆಂಚ್ ಯೆಹೂದಿ ಇತಿಹಾಸಕಾರರು ಭೇಟಿಯಾಗಿದ್ರು. ಹೆಂಡತಿ, ಮಗಳು ಇಬ್ಬರನ್ನೂ ನಾಜಿಗಳಿಗೆ ಕಳ್ಕೊಂಡ ಎಂಬತ್ತು ದಾಟಿದ ಮುದುಕ, ಕ್ರೈಸ್ತರ ಬೋಧನೆಯಲ್ಲಿರೋ ತಿರಸ್ಕಾರವನ್ನ ತಿದ್ದಿ ಅಂತ ದಾಖಲೆ ಹಿಡ್ಕೊಂಡು ಬಂದಿದ್ರು. ಆ ಕೆಲಸ ಕಾರ್ಡಿನಲ್ ಬೇಯಾ ಅವರ ಪಾಲಿಗೆ ಬಂತು. ಎರಡನೇ ವ್ಯಾಟಿಕನ್ ಕೌನ್ಸಿಲ್ ಅನ್ನೋ ಬಿಷಪ್‌ಗಳ ಮಹಾಸಭೆಯಲ್ಲಿ ಜಗ್ಗಾಟ ಜೋರಿತ್ತು, ಅರಬ್ ದೇಶಗಳ ಬಿಷಪ್‌ಗಳಿಗೆ ತಮ್ಮ ಜನಕ್ಕೆ ತೊಂದರೆಯಾದೀತು ಅನ್ನೋ ಭಯ, ಅದೂ ಸುಳ್ಳಲ್ಲ. ಕೊನೆಗೆ 1965ರ ಅಕ್ಟೋಬರ್ 28ಕ್ಕೆ ಬೇರೆ ಧರ್ಮದವರ ಜೊತೆಗಿನ ಸಂಬಂಧದ ಬಗ್ಗೆ 'ನೊಸ್ತ್ರಾ ಎತಾತೆ' ಅನ್ನೋ ಘೋಷಣೆ 2221 ಮತಗಳಿಂದ ಪಾಸಾಯ್ತು, ವಿರುದ್ಧ ಬಿದ್ದಿದ್ದು 88. ಯೇಸುವಿನ ಮರಣದ ಹೊಣೆಯನ್ನ ಅಂದಿನ ಎಲ್ಲ ಯೆಹೂದ್ಯರ ಮೇಲೂ ಇಂದಿನವರ ಮೇಲೂ ಹೊರಿಸುವಂತಿಲ್ಲ ಅಂತ ಅದು ಸ್ಪಷ್ಟವಾಗಿ ಹೇಳ್ತು. ಅದನ್ನ ನೋಡೋಕೆ ಇಸಾಕ್ ಬದುಕಿರ್ಲಿಲ್ಲ, 1963ರಲ್ಲೇ ತೀರ್ಕೊಂಡಿದ್ರು.

1970ರಿಂದ ಪ್ರಾರ್ಥನೆ ಪೂರ್ತಿ ಬೇರೆ: ದೇವರ ಮಾತು ಮೊದಲು ಕೇಳಿದ ಜನ ಆತನ ಒಡಂಬಡಿಕೆಗೆ ನಿಷ್ಠರಾಗಿ ಬೆಳೀಲಿ ಅಂತ. 2008ರಲ್ಲಿ ಹಳೇ ಲ್ಯಾಟಿನ್ ವಿಧಿ ಪಾಲಿಸೋರಿಗೆ ಬರೆದ ಪ್ರಾರ್ಥನೆಯಲ್ಲಿ ಯೆಹೂದ್ಯರು ಯೇಸುವನ್ನ ರಕ್ಷಕ ಅಂತ ಗುರುತಿಸಲಿ ಅನ್ನೋ ಸಾಲು ಬಂದು ಮತ್ತೆ ನೋವಾಯ್ತು. ಆ ಹಳೇ ಗಾಯ ಇನ್ನೂ ಪೂರ್ತಿ ಮಾಗಿಲ್ಲ.

ಈಗಿನ ಜಗಳದಲ್ಲಿ ಒಂದು ಜನಾಂಗವನ್ನೂ ಒಂದು ಸರ್ಕಾರವನ್ನೂ ಒಂದೇ ಮಾಡ್ತಿರೋದ್ರಿಂದಲೇ ಇಷ್ಟು ಗೋಜಲು. ಸರ್ಕಾರದ ನಿರ್ಧಾರ ಪ್ರಶ್ನಿಸೋದು ಯೆಹೂದ್ಯದ್ವೇಷ ಅಲ್ಲ, ಗಾಜಾದವರಿಗಾಗಿ, ಅಲ್ಲಿರೋ ನಮ್ಮ ಕ್ರೈಸ್ತರಿಗಾಗಿ ಪ್ರಾರ್ಥಿಸೋದು ಯಾರಿಗೂ ದ್ರೋಹ ಅಲ್ಲ. ಆದ್ರೆ 2008ರ ನವೆಂಬರ್‌ನಲ್ಲಿ ಮುಂಬೈನ ಯೆಹೂದಿ ಕೇಂದ್ರ ನಾರಿಮನ್ ಹೌಸ್‌ನಲ್ಲಿ ಯೆಹೂದ್ಯರನ್ನ ಹುಡುಕಿ ಕೊಂದಾಗ, 2018ರಲ್ಲಿ ಪಿಟ್ಸ್‌ಬರ್ಗ್ ಸಿನಗಾಗ್‌ನಲ್ಲಿ ಪ್ರಾರ್ಥನೆಗೆ ಬಂದ 11 ಜನರನ್ನ ಗುಂಡಿಟ್ಟು ಕೊಂದಾಗ, ಅಲ್ಲಿ ಯಾವ ಸರ್ಕಾರದ ಪ್ರಶ್ನೆಯೂ ಇರ್ಲಿಲ್ಲ, ಯೆಹೂದ್ಯರು ಅನ್ನೋದೊಂದೇ ಕಾರಣ. ಅಂಥ ಹೊತ್ತಲ್ಲಿ 'ಆದ್ರೆ' ಅನ್ನದೇ ಅವರ ಜೊತೆ ನಿಲ್ಲೋದು ನಮ್ಮ ಚರ್ಚುಗಳ ಮೇಲಿರೋ ಹಳೇ ಸಾಲ.