ಗಿಡದ ತುಂಬ ಹೂವು, ಒಂದೂ ಕಾಯಿಲ್ಲ: ಟೊಮೇಟೊಗೆ ಏನಾಗಿದೆ?

ಓದುಗರ ಪ್ರಶ್ನೆ: ತಾರಸಿ ಮೇಲೆ ಗ್ರೋ ಬ್ಯಾಗಿನಲ್ಲಿ ಟೊಮೇಟೊ ಹಾಕಿದ್ದೇನೆ. ಗಿಡ ಸೊಂಪಾಗಿ ಬೆಳೆದಿದೆ. ಗೊಂಚಲು ಗೊಂಚಲು ಹೂವು ಬಿಡುತ್ತದೆ. ಆದರೆ ನಾಲ್ಕೈದು ದಿನದಲ್ಲಿ ಎಲ್ಲ ಉದುರಿಹೋಗುತ್ತದೆ. ಇಷ್ಟು ದಿನವಾದರೂ ಒಂದು ಕಾಯಿ ಕಚ್ಚಿಲ್ಲ. ಯಾವ ಗೊಬ್ಬರ ಹಾಕಲಿ?

ಸದ್ಯಕ್ಕೆ ಯಾವ ಗೊಬ್ಬರವನ್ನೂ ಹಾಕಬೇಡಿ. ಹೂವು ಉದುರುವುದು ಕಂಡ ಕೂಡಲೇ ನಮ್ಮ ಕೈ ಗೊಬ್ಬರದ ಡಬ್ಬಕ್ಕೆ ಹೋಗುತ್ತದೆ. ಗಿಡಕ್ಕೆ ಹಸಿವಾಗಿದೆ ಅನ್ನಿಸುತ್ತದೆ. ಆದರೆ ಇಷ್ಟೊಂದು ಹೂವು ಬಿಟ್ಟ ಗಿಡ ಹಸಿದ ಗಿಡವಲ್ಲ. ಅದಕ್ಕೆ ಬೇಕಾಗಿರುವುದು ಬೇರೆ ಏನೋ.

ಈ ಪ್ರಶ್ನೆ ಹೆಚ್ಚಾಗಿ ಕೇಳಿಬರುವುದು ಮಾರ್ಚ್ ಕೊನೆಯಿಂದ ಮೇ ತನಕ. ಡಿಸೆಂಬರಿನಲ್ಲಿ ಇದನ್ನು ಕೇಳುವವರು ಕಡಿಮೆ. ಉತ್ತರದ ಅರ್ಧ ಭಾಗ ಅಲ್ಲೇ ಇದೆ.

ಒಂದು ಟೊಮೇಟೊ ಹೂವನ್ನು ಹತ್ತಿರದಿಂದ ನೋಡಿ. ಹಳದಿ ಎಸಳುಗಳು ಹಿಂದಕ್ಕೆ ಬಾಗಿರುತ್ತವೆ. ನಡುವೆ ಹಳದಿ ಬಣ್ಣದ್ದೇ ಒಂದು ಸಣ್ಣ ಕೊಳವೆ ಕೆಳಮುಖವಾಗಿ ನಿಂತಿರುತ್ತದೆ. ಪರಾಗ ಇರುವುದು ಆ ಕೊಳವೆಯ ಒಳಗೆ. ಹೆಣ್ಣು ಭಾಗವೂ ಅದರೊಳಗೇ ಇದೆ. ಅಂದರೆ ಒಂದೇ ಹೂವಿನಲ್ಲಿ ಗಂಡೂ ಇದೆ, ಹೆಣ್ಣೂ ಇದೆ. ಬೇರೆ ಹೂವಿನ ಪರಾಗ ಬರಲೇಬೇಕು ಅಂತಿಲ್ಲ. ಆದರೆ ಪರಾಗ ತಾನಾಗಿ ಸುರಿಯುವುದಿಲ್ಲ. ಉಪ್ಪಿನ ಡಬ್ಬಿಯ ಹಾಗೆ ಅಲ್ಲಾಡಿಸಿದರೆ ಮಾತ್ರ ಬೀಳುತ್ತದೆ. ಬಯಲಿನಲ್ಲಿ ಆ ಕೆಲಸವನ್ನು ಗಾಳಿ ಮಾಡುತ್ತದೆ, ದುಂಬಿ ಮಾಡುತ್ತದೆ.

ಪರಾಗ ಬಿದ್ದು, ಅದು ಜೀವಂತವಾಗಿಯೂ ಇದ್ದರೆ ಕಾಯಿ ಕಚ್ಚುತ್ತದೆ. ಎಸಳು ಒಣಗಿ ಮುದುರುತ್ತದೆ, ಆದರೆ ತೊಟ್ಟು ಹಸಿರಾಗಿಯೇ ಇದ್ದು ದಪ್ಪವಾಗುತ್ತದೆ. ಒಣಗಿದ ಎಸಳಿನ ಹಿಂದೆ ಸಾಸಿವೆಯಷ್ಟು ಹಸಿರು ಮಣಿ ಕಾಣುತ್ತದೆ. ಇಲ್ಲವಾದರೆ ತೊಟ್ಟಿನ ಮಧ್ಯೆ ಒಂದು ಸಣ್ಣ ಗಂಟಿದೆಯಲ್ಲ, ಅಲ್ಲಿ ಹಳದಿಯಾಗಲು ಶುರುವಾಗುತ್ತದೆ. ಬೆರಳು ತಾಗಿಸಿದರೆ ಸಾಕು, ಆ ಗಂಟಿನಲ್ಲೇ ಕಳಚಿ ಬೀಳುತ್ತದೆ. ಕಾಯಾಗದ ಹೂವನ್ನು ಗಿಡ ಸಾಕುವುದಿಲ್ಲ. ಗಿಡದ ಮಟ್ಟಿಗೆ ಅದು ಸರಿಯಾದ ಲೆಕ್ಕವೇ.

ಹಾಗಾದರೆ ಪರಾಗಕ್ಕೆ ಏನಾಯಿತು? ಬೇಸಿಗೆಯಲ್ಲಿ ಮುಖ್ಯ ಕಾರಣ ಸೆಕೆ. ಅದರಲ್ಲೂ ರಾತ್ರಿಯ ಸೆಕೆ.

ಹಗಲಿನ ಬಿಸಿಲಿಗೆ ನಾವೆಲ್ಲ ಹೆದರುತ್ತೇವೆ, ರಾತ್ರಿಯ ಬಗ್ಗೆ ಯೋಚಿಸುವುದೇ ಇಲ್ಲ. ಟೊಮೇಟೊ ಹೂವು ಚೆನ್ನಾಗಿ ಕಾಯಿ ಕಟ್ಟಬೇಕಾದರೆ ರಾತ್ರಿ 15ರಿಂದ 21 ಡಿಗ್ರಿಯ ತಂಪು ಬೇಕು. ಹಗಲು 32 ಡಿಗ್ರಿ ದಾಟಿ, ರಾತ್ರಿಯೂ 21ಕ್ಕಿಂತ ಕೆಳಗೆ ಇಳಿಯದೆ ಹೋದರೆ ಪರಾಗ ಕೆಡಲು ಶುರುವಾಗುತ್ತದೆ. ಹೂವು ನೋಡಲು ಚೆಂದವಾಗಿಯೇ ಇರುತ್ತದೆ, ಒಳಗಿನ ಪುಡಿಯಲ್ಲಿ ಜೀವ ಇರುವುದಿಲ್ಲ. ಬೆಂಗಳೂರಿನಲ್ಲಿ ಏಪ್ರಿಲ್ ತಿಂಗಳ ಸರಾಸರಿ ನೋಡಿದರೆ ಹಗಲು ಸುಮಾರು 34, ರಾತ್ರಿ ಸುಮಾರು 22. ಸರಿಯಾಗಿ ಗಡಿಯ ಮೇಲೆ. ಮಂಗಳೂರಿನಲ್ಲಿ ಏಪ್ರಿಲ್, ಮೇ ತಿಂಗಳ ರಾತ್ರಿ 25ರ ಆಸುಪಾಸು. ಕಲಬುರಗಿ, ರಾಯಚೂರಿನ ಮೇ ತಿಂಗಳ ಬಗ್ಗೆ ಹೇಳುವುದೇ ಬೇಡ, ಹಗಲು 40 ದಾಟುತ್ತದೆ.

ಇದು ಹವಾಮಾನ ವರದಿಯ ಲೆಕ್ಕ. ನಿಮ್ಮ ತಾರಸಿಯ ಲೆಕ್ಕ ಇನ್ನೂ ಜಾಸ್ತಿ. ಕಾಂಕ್ರೀಟು ಹಗಲೆಲ್ಲ ಬಿಸಿ ಕುಡಿದು ರಾತ್ರಿಯಿಡೀ ಅದನ್ನು ಹೊರಗೆ ಬಿಡುತ್ತದೆ. ಒಮ್ಮೆ ರಾತ್ರಿ ಹತ್ತು ಗಂಟೆಗೆ ಬರಿಗಾಲಲ್ಲಿ ತಾರಸಿಗೆ ಹೋಗಿ ನಿಲ್ಲಿ, ಗೊತ್ತಾಗುತ್ತದೆ. ನಾವು ಫ್ಯಾನು ಹಾಕಿಕೊಂಡು ಮಲಗುವ ಹೊತ್ತಿನಲ್ಲಿ ಗಿಡ ಆ ಬಿಸಿ ನೆಲದ ಮೇಲೆ ನಿಂತಿರುತ್ತದೆ. ಕಪ್ಪು ಬಣ್ಣದ ಚೀಲವಾದರೆ ಬೇರಿಗೂ ಆ ಕಾವು ತಟ್ಟುತ್ತದೆ.

ಇನ್ನೊಂದು ವಿಷಯ ತುಂಬಾ ಜನರಿಗೆ ಗೊತ್ತಿರುವುದಿಲ್ಲ. ಪರಾಗ ರೂಪುಗೊಳ್ಳುವುದು ಹೂವು ಅರಳಿದ ದಿನವಲ್ಲ. ಅರಳುವುದಕ್ಕೆ ಒಂದು ವಾರದಿಂದ ಹತ್ತು ಹನ್ನೆರಡು ದಿನ ಮೊದಲು, ಮೊಗ್ಗು ಅಕ್ಕಿಕಾಳಿನಷ್ಟು ಇರುವಾಗ. ಸೆಕೆಯ ಪೆಟ್ಟು ಜೋರಾಗಿ ಬೀಳುವುದು ಆಗಲೇ. ಹಾಗಾಗಿ ಇವತ್ತು ಉದುರಿದ ಹೂವು ಹತ್ತು ದಿನದ ಹಿಂದೆಯೇ ಕೆಟ್ಟಿತ್ತು. ನಿನ್ನೆ ಮಳೆ ಬಂದು ತಂಪಾಯಿತು, ಆದರೂ ಇವತ್ತು ಹೂವು ಉದುರಿತು ಎಂದರೆ ಬೇಜಾರಾಗಬೇಡಿ. ಆ ತಂಪಿನ ಫಲ ಕಾಣಲು ಇನ್ನೂ ಎರಡು ವಾರ ಬೇಕು. ಈ ನಡುವೆ ನೀವು ಏನಾದರೂ ಸಿಂಪಡಿಸಿದ್ದರೆ, ಆ ಔಷಧಿಯಿಂದಲೇ ಕಾಯಿ ಬಂತು ಅನ್ನಿಸಿಬಿಡುತ್ತದೆ. ಎಷ್ಟೋ ಮನೆಮದ್ದುಗಳಿಗೆ ಹೆಸರು ಬಂದಿದ್ದು ಹೀಗೇ ಇರಬೇಕು.

ಸೆಕೆಯನ್ನು ನಿಲ್ಲಿಸಲು ಆಗುವುದಿಲ್ಲ, ಸ್ವಲ್ಪ ತಗ್ಗಿಸಬಹುದು. ಚೀಲಗಳನ್ನು ನೆಲದ ಮೇಲೆ ಇಡಬೇಡಿ. ಕೆಳಗೆ ಎರಡು ಇಟ್ಟಿಗೆ ಕೊಟ್ಟು ಗಾಳಿ ಆಡಲು ಜಾಗ ಬಿಡಿ. ಚೀಲದ ಸುತ್ತ ಹಳೆಯ ಗೋಣಿ ಸುತ್ತಿ. ಮಣ್ಣಿನ ಮೇಲೆ ಒಣ ಎಲೆ ಅಥವಾ ತೆಂಗಿನ ಸಿಪ್ಪೆ ದಪ್ಪಗೆ ಹರಡಿ. ಮಧ್ಯಾಹ್ನದ ಬಿಸಿಲಿಗೆ 35ರಿಂದ 50 ಶೇಕಡದ ನೆರಳು ಪರದೆ ಕಟ್ಟಿ, ಆದರೆ ಬೆಳಗಿನ ಬಿಸಿಲು ಬೀಳಲಿ. ದಿನಕ್ಕೆ ಆರು ಗಂಟೆ ಬಿಸಿಲು ಸಿಗದಿದ್ದರೆ ಟೊಮೇಟೊ ಕಾಯಿ ಬಿಡುವುದು ಕಷ್ಟ. ಸಂಜೆ ತಾರಸಿಗೆ ಒಂದು ಬಕೆಟ್ ನೀರು ಚಿಮುಕಿಸಿದರೂ ನೆಲದ ಕಾವು ಇಳಿಯುತ್ತದೆ. ಇದಕ್ಕೆ ಒಳ್ಳೆಯ ನೀರು ಬೇಕಿಲ್ಲ, ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಸಾಕು.

ಈಗ ಅಲ್ಲಾಡಿಸುವ ಕೆಲಸ. ಇದಕ್ಕೆ ಖರ್ಚಿಲ್ಲ, ದಿನಕ್ಕೆ ಎರಡು ನಿಮಿಷ ಸಾಕು. ಮಾಡುವವರು ಮಾತ್ರ ಕಡಿಮೆ.

ಟೊಮೇಟೊ ಹೂವಿಗೆ ಎಲ್ಲ ಜೇನೂ ಆಗಿಬರುವುದಿಲ್ಲ. ತುಡುವೆ, ಹೆಜ್ಜೇನು, ಕೋಲ್ಜೇನು ಇವಕ್ಕೆ ಆ ಕೊಳವೆಯಿಂದ ಪರಾಗ ಉದುರಿಸುವ ವಿದ್ಯೆ ಗೊತ್ತಿಲ್ಲ. ಅದು ಗೊತ್ತಿರುವುದು ಕಪ್ಪು ಬಡಗಿ ದುಂಬಿಗೆ ಮತ್ತು ಹೊಟ್ಟೆಯ ಮೇಲೆ ನೀಲಿ ಪಟ್ಟಿ ಇರುವ ಒಂದು ಪುಟ್ಟ ಜೇನಿಗೆ. ಅವು ಹೂವನ್ನು ಅಪ್ಪಿ ಹಿಡಿದು, ರೆಕ್ಕೆ ಬಡಿಯದೆ ಮೈಯನ್ನು ಮಾತ್ರ ಜೋರಾಗಿ ನಡುಗಿಸುತ್ತವೆ. ಗುಂಯ್ ಎಂಬ ಆ ಸದ್ದು ಎರಡು ಹೆಜ್ಜೆ ದೂರಕ್ಕೂ ಕೇಳುತ್ತದೆ. ಆ ನಡುಕಕ್ಕೆ ಪರಾಗ ಕೊಳವೆಯ ತುದಿಯಿಂದ ಸುರಿಯುತ್ತದೆ. ಬೇಲಿಯಲ್ಲಿ ಬೆಳೆಯುವ ತಂಗಡಿ ಹೂವಿಗೂ ಇವು ಹೀಗೇ ಮಾಡುತ್ತವೆ. ಯುರೋಪಿನ ಗಾಜಿನ ಮನೆಗಳಲ್ಲಿ ಟೊಮೇಟೊ ಬೆಳೆಯುವವರು 1980ರ ದಶಕದ ಕೊನೆಯಿಂದ ಇದೇ ಕೆಲಸಕ್ಕೆ ಒಂದು ಜಾತಿಯ ರೋಮದ ದುಂಬಿಯನ್ನು ಗೂಡು ಸಮೇತ ಕೊಂಡು ತರುತ್ತಾರೆ.

ನಾಲ್ಕನೇ ಮಹಡಿಯ ತಾರಸಿಗೆ ದುಂಬಿ ಬರುತ್ತದೋ ಇಲ್ಲವೋ. ಸುತ್ತ ಎತ್ತರದ ಗೋಡೆ ಇದ್ದರೆ ಗಾಳಿಯೂ ಸರಿಯಾಗಿ ಆಡುವುದಿಲ್ಲ. ಹಾಗಾಗಿ ನೀವೇ ದುಂಬಿಯಾಗಬೇಕು. ಬೆಳಗ್ಗೆ ಹತ್ತರಿಂದ ಹನ್ನೆರಡರ ಒಳಗೆ, ಇಬ್ಬನಿ ಆರಿದ ಮೇಲೆ, ಅರಳಿದ ಗೊಂಚಲಿನ ಹಿಂದಿನ ಕಾಂಡಕ್ಕೆ ಬೆರಳಿನಿಂದ ನಾಲ್ಕೈದು ಸಲ ತಟ್ಟಿ. ಬ್ಯಾಟರಿಯ ಹಲ್ಲುಜ್ಜುವ ಬ್ರಷ್ ಇದ್ದರೆ ಅದರ ಹಿಂಬದಿಯನ್ನು ತೊಟ್ಟಿಗೆ ಎರಡು ಮೂರು ಕ್ಷಣ ತಾಗಿಸಿ. ಕೆಳಗೆ ಕಪ್ಪು ಕಾಗದ ಹಿಡಿದರೆ ಹಳದಿ ಪುಡಿ ಬೀಳುವುದು ಕಣ್ಣಿಗೇ ಕಾಣುತ್ತದೆ. ಮೊದಲ ಸಲ ಅದನ್ನು ನೋಡಿದಾಗ ನನಗೆ ತುಂಬಾ ಖುಷಿಯಾಗಿತ್ತು. ಮಕ್ಕಳಿದ್ದರೆ ಅವರಿಗೇ ಈ ಕೆಲಸ ಕೊಡಿ, ಬಿಡದೆ ಮಾಡುತ್ತಾರೆ. ಒಂದು ಹೂವು ಎರಡು ಮೂರು ದಿನ ಮಾತ್ರ ಅರಳಿರುತ್ತದೆ. ಅದಕ್ಕೇ ದಿನ ಬಿಟ್ಟು ದಿನವಾದರೂ ತಟ್ಟಬೇಕು.

ಮಳೆಗಾಲದಲ್ಲಿ ತೊಂದರೆ ಬೇರೆ. ಕರಾವಳಿ, ಮಲೆನಾಡಿನ ತೇವದ ಗಾಳಿಗೆ ಪರಾಗ ಒದ್ದೆಯಾಗಿ ಕೊಳವೆಯಲ್ಲೇ ಅಂಟಿಕೊಳ್ಳುತ್ತದೆ. ಆಗ ಬಿಸಿಲು ಬಿದ್ದ ಹೊತ್ತು ನೋಡಿ ಅಲ್ಲಾಡಿಸಿ.

ಇನ್ನು ಗೊಬ್ಬರದ ಮಾತು. ಎಲೆ ಕಡು ಹಸಿರಾಗಿ, ಕಾಂಡ ಹೆಬ್ಬೆರಳಿನಷ್ಟು ದಪ್ಪವಾಗಿ, ಗಿಡ ಆಳೆತ್ತರ ಬೆಳೆದು ಹೂವೇ ಕಡಿಮೆ ಇದ್ದರೆ ಸಾರಜನಕ ಜಾಸ್ತಿಯಾಗಿದೆ ಎಂದು ಅರ್ಥ. ನಾನು ತಾರಸಿ ತೋಟ ಶುರು ಮಾಡಿದ ಮೊದಲ ವರ್ಷ ಕಡಲೆಕಾಯಿ ಹಿಂಡಿ ನೆನೆಸಿದ ನೀರನ್ನು ವಾರಕ್ಕೆ ಎರಡು ಸಲ ಹಾಕಿದ್ದೆ. ಗಿಡ ನೋಡಿದವರೆಲ್ಲ ಹೊಗಳಿದರು. ಆರು ಗಿಡದಿಂದ ಸಿಕ್ಕಿದ್ದು ಒಂಬತ್ತು ಹಣ್ಣು. ಮರುವರ್ಷ ನಾಟಿ ಮಾಡುವಾಗ ಕೊಟ್ಟಿಗೆ ಗೊಬ್ಬರ ಮತ್ತು ಒಂದು ಹಿಡಿ ಬೇವಿನ ಹಿಂಡಿ ಹಾಕಿದೆ. ಮೊದಲ ಕಾಯಿ ಗೋಲಿಯಷ್ಟು ಆದ ಮೇಲೆ ಎರಡು ವಾರಕ್ಕೊಮ್ಮೆ ಒಂದು ಹಿಡಿ ಎರೆಗೊಬ್ಬರ ಕೊಟ್ಟೆ, ಅಷ್ಟೇ. ಸಾರಿಗೆ ಸಾಕಾಗುವಷ್ಟು ಹಣ್ಣು ಬಂತು.

ನೀರಿನ ವಿಷಯದಲ್ಲಿ ಒಂದೇ ಮಾತು, ಏರುಪೇರು ಬೇಡ. ಎರಡು ದಿನ ಒಣಗಿಸಿ ಮೂರನೇ ದಿನ ತುಂಬಿ ಹರಿಸಿದರೆ ಹೂವೂ ಉದುರುತ್ತದೆ, ಕಚ್ಚಿದ ಕಾಯಿಯ ತಳವೂ ಕಪ್ಪಾಗುತ್ತದೆ. ಚೀಲ ಚಿಕ್ಕದಾದಷ್ಟೂ ಈ ಏರುಪೇರು ಜಾಸ್ತಿ. ಒಂದು ಗಿಡಕ್ಕೆ 15ರಿಂದ 20 ಲೀಟರ್ ಮಣ್ಣು ಹಿಡಿಯುವ ಚೀಲ ಇರಲಿ.

ಎಲೆ ಮೇಲಕ್ಕೆ ಮುದುರಿ, ಚಿಕ್ಕದಾಗಿ, ಗಿಡ ಕುಳ್ಳಗಾಗಿದ್ದರೆ ಅದು ಬೇರೆಯೇ ಕಥೆ. ಬಿಳಿ ನೊಣ ತರುವ ಎಲೆ ಮುದುರು ರೋಗ ಅದು. ಆ ಗಿಡ ಗುಣವಾಗುವುದಿಲ್ಲ. ಕಿತ್ತು ಹಾಕಿ, ಪಕ್ಕದ ಗಿಡವನ್ನಾದರೂ ಉಳಿಸಿಕೊಳ್ಳಿ. ಬೇವಿನ ಎಣ್ಣೆ ಸಿಂಪಡಿಸುವವರು ಸಂಜೆ ಸಿಂಪಡಿಸಿ, ಅರಳಿದ ಹೂವಿಗೆ ತಾಗಿಸಬೇಡಿ. ಹೂವು ಉದುರದ ಹಾಗೆ ತಡೆಯುವ ಹಾರ್ಮೋನು ಔಷಧಿಯೂ ಅಂಗಡಿಯಲ್ಲಿ ಸಿಗುತ್ತದೆ. ಹೊಲದಲ್ಲಿ ರೈತರು ಅಳತೆ ನೋಡಿ ಬಳಸುತ್ತಾರೆ. ನಾಲ್ಕು ಗಿಡಕ್ಕೆ ಅದರ ಅಗತ್ಯವಿಲ್ಲ ಎಂಬುದು ನನ್ನ ಅಭಿಪ್ರಾಯ. ಅಳತೆ ಸ್ವಲ್ಪ ಹೆಚ್ಚಾದರೆ ಇದ್ದ ಹೂವೂ ಉದುರುತ್ತದೆ.

ಬೇರೆ ತರಕಾರಿಗೂ ಇದೇ ನಿಯಮವಾ ಎಂದು ಕೇಳುವವರಿದ್ದಾರೆ. ಇಲ್ಲ, ಪ್ರತಿಯೊಂದರದ್ದೂ ಬೇರೆ ದಾರಿ. ಟೊಮೇಟೊಗೆ ನಮ್ಮ ಹಳಬರು ಚಪ್ಪರಬದನೆ ಎನ್ನುತ್ತಿದ್ದರು. ನಿಜಕ್ಕೂ ಅದು ಬದನೆಯ ಬಳಗವೇ. ಬದನೆ ಹೂವನ್ನೂ ತಟ್ಟಬಹುದು. ಆದರೆ ಬದನೆಯಲ್ಲಿ ಎಲ್ಲ ಹೂವೂ ಕಾಯಾಗುವಂಥದ್ದಲ್ಲ. ನಡುವಿನ ಹಸಿರು ಕಡ್ಡಿ ಹಳದಿ ಕೊಳವೆಯನ್ನು ದಾಟಿ ಹೊರಗೆ ಇಣುಕುತ್ತಿದ್ದರೆ, ಇಲ್ಲವೇ ಅದರ ಮಟ್ಟಕ್ಕೆ ಇದ್ದರೆ ಆ ಹೂವು ಕಾಯಾಗುತ್ತದೆ. ಕಡ್ಡಿ ಒಳಗೇ ಗಿಡ್ಡಗಿದ್ದರೆ ಉದುರುತ್ತದೆ, ಅದಕ್ಕೆ ನೀವು ಏನೂ ಮಾಡಬೇಕಾಗಿಲ್ಲ.

ಹೀರೆ, ಸೋರೆ, ಕುಂಬಳ, ಹಾಗಲದಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ಮೊದಲು ಬರುವುದು ಸಾಮಾನ್ಯವಾಗಿ ಬರೀ ಗಂಡು ಹೂವು, ಅದು ಉದುರಲೇಬೇಕು. ಹೆಣ್ಣು ಹೂವಿನ ಹಿಂದೆ ಪುಟ್ಟ ಕಾಯಿ ಇರುತ್ತದೆ. ಆ ಪುಟ್ಟ ಕಾಯಿಯೇ ಹಳದಿಯಾಗಿ ಬಿದ್ದರೆ ಮಾತ್ರ ಪರಾಗ ಸಿಗಲಿಲ್ಲ ಎಂದರ್ಥ. ಆಗ ಗಂಡು ಹೂವೊಂದನ್ನು ಕಿತ್ತು, ಎಸಳು ತೆಗೆದು, ಹೆಣ್ಣು ಹೂವಿನ ನಡುವಿಗೆ ಮೆಲ್ಲಗೆ ಸವರಿ. ಕುಂಬಳ, ಹಾಗಲಕ್ಕೆ ಬೆಳಗ್ಗೆ ಬೇಗ. ಹೀರೆ, ಸೋರೆಗೆ ಸಂಜೆ, ಯಾಕೆಂದರೆ ಅವು ಅರಳುವುದೇ ಆಗ.

ಸರಿ, ಈಗಿರುವ ಟೊಮೇಟೊ ಗಿಡವನ್ನು ಏನು ಮಾಡುವುದು? ರೋಗ ಇಲ್ಲವಾದರೆ ಕೀಳಬೇಡಿ. ಒಣಗಿದ, ಹಳದಿಯಾದ ರೆಂಬೆ ಕತ್ತರಿಸಿ, ಮೇಲೆ ಹೇಳಿದ ಹಾಗೆ ನೆರಳು ಕೊಟ್ಟು ಕಾಪಾಡಿ. ಬೆಂಗಳೂರು, ಮೈಸೂರಿನ ಕಡೆ ಮಳೆ ಹಿಡಿದು ರಾತ್ರಿ ತಂಪಾದ ಮೇಲೆ ಹೊಸ ಚಿಗುರಿನಲ್ಲಿ ಕಾಯಿ ಕಚ್ಚುತ್ತದೆ. ಬೇಸಿಗೆಗೆ ಬೆಂಡೆ, ಅಲಸಂದೆ, ಗೋರಿಕಾಯಿ, ದಂಟು ಹಾಕಿ, ಇವು ಸೆಕೆಗೆ ಜಗ್ಗುವುದಿಲ್ಲ. ಬೇಸಿಗೆಯಲ್ಲೂ ಟೊಮೇಟೊ ಬೇಕೇ ಬೇಕು ಅಂದರೆ ಚೆರ್ರಿ ಟೊಮೇಟೊ ಹಾಕಿ ನೋಡಿ. ದೊಡ್ಡ ಹಣ್ಣಿನ ತಳಿ ಸುಮ್ಮನಾದಾಗಲೂ ಅದು ಸ್ವಲ್ಪ ಸ್ವಲ್ಪ ಕಚ್ಚುತ್ತಿರುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ವಿಕಾಸ್ ಸೆಕೆಯನ್ನು ಒಂದಿಷ್ಟು ತಡೆಯುವ ತಳಿ, ಅದರ ಬೀಜವನ್ನು ಮನೆಯಲ್ಲೇ ಉಳಿಸಿಕೊಳ್ಳಬಹುದು. ಅವರದ್ದೇ ಅರ್ಕಾ ರಕ್ಷಕ್ ಎಲೆ ಮುದುರು ರೋಗವನ್ನು ತಡೆದುಕೊಳ್ಳುತ್ತದೆ. ಆದರೆ ಅದು ಹೈಬ್ರಿಡ್, ಪ್ರತಿ ಸಲ ಹೊಸ ಬೀಜ ತರಬೇಕು.

ಮುಂದಿನ ಸಲ ಬೀಜ ಹಾಕುವಾಗ ಹೂವಿನ ದಿನದಿಂದ ಹಿಂದಕ್ಕೆ ಎಣಿಸಿ. ಬೀಜ ಹಾಕಿ 25ರಿಂದ 30 ದಿನಕ್ಕೆ ಸಸಿ ನಾಟಿಗೆ ಬರುತ್ತದೆ, ನಾಟಿಯಾಗಿ ಒಂದು ತಿಂಗಳಿಗೆ ಹೂವು. ಅಂದರೆ ಬೀಜದಿಂದ ಹೂವಿಗೆ ಹೆಚ್ಚುಕಡಿಮೆ ಎರಡು ತಿಂಗಳು. ನಿಮ್ಮೂರಿನಲ್ಲಿ ರಾತ್ರಿ ಹೊದಿಕೆ ಬೇಕು ಅನ್ನಿಸುವ ತಿಂಗಳು ಯಾವುದು? ಅದಕ್ಕೆ ಎರಡು ತಿಂಗಳು ಮೊದಲು ಬೀಜ ಹಾಕಿ. ಬೆಂಗಳೂರು, ಮೈಸೂರಿನಲ್ಲಿ ಆಗಸ್ಟ್ ಕೊನೆಯಿಂದ ಅಕ್ಟೋಬರ್. ಕರಾವಳಿಯಲ್ಲಿ ಮಳೆ ಇಳಿದ ಮೇಲೆ ಸೆಪ್ಟೆಂಬರ್ ಕೊನೆ, ಅಕ್ಟೋಬರ್. ಕಲಬುರಗಿ, ಬಳ್ಳಾರಿ ಕಡೆಗೂ ಸೆಪ್ಟೆಂಬರ್, ಅಕ್ಟೋಬರೇ ಒಳ್ಳೆಯದು. ದುಬೈಯಲ್ಲಿರುವವರಿಗೂ ಇದೇ ಲೆಕ್ಕ ಹೊಂದುತ್ತದೆ, ಅಲ್ಲೂ ಟೊಮೇಟೊ ಚಳಿಗಾಲದ ಬೆಳೆ.