ವಿಳಾಸ ಸಿಕ್ಕಿತು, ಬರೆದವರು ಸಿಕ್ಕರೇ?

ಹಾಸನದ ಸರ್ಕಾರಿ ಕಚೇರಿಗಳಿಗೆ ಮೂಗರ್ಜಿ ಹೊಸದಲ್ಲ. ಗುರುತು ಮರೆಸಿಕೊಂಡು ಬೆದರಿಸುವುದನ್ನು 1860ರ ಭಾರತೀಯ ದಂಡ ಸಂಹಿತೆಯ 507ನೇ ಸೆಕ್ಷನ್ ಆಗಲೇ ಪ್ರತ್ಯೇಕ ಅಪರಾಧವೆಂದು ಹೇಳಿತ್ತು. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 351(4) ಆಗಿದೆ. ಅಂದು ಅಂಚೆ ಮುದ್ರೆ, ಕೈಬರಹ, ಬೆರಳಚ್ಚು ಯಂತ್ರದ ಸವೆದ ಅಕ್ಷರ ಇವೇ ಸುಳಿವು. ಇಂದು ಮೂಗರ್ಜಿ ಮೊಬೈಲ್‌ಗೆ ಬರುತ್ತದೆ.

ಅಂತರ್ಜಾಲದಲ್ಲಿ ಹೆಸರು ಮರೆಸುವ ಪ್ರಯತ್ನವೂ ಹಳೆಯದೇ. ಫಿನ್ಲೆಂಡಿನ ಯೋಹಾನ್ ಹೆಲ್ಸಿಂಗಿಯಸ್ 1993ರಲ್ಲಿ, ಕಳುಹಿಸಿದವರ ಗುರುತು ಅಳಿಸಿ ಇಮೇಲ್ ದಾಟಿಸುವ ಸೇವೆ ಆರಂಭಿಸಿದರು. ಆದರೆ ಉತ್ತರ ತಲುಪಿಸಬೇಕಾದರೆ ಅಸಲಿ ವಿಳಾಸಗಳ ಪಟ್ಟಿ ಅವರ ಬಳಿಯೇ ಇರಬೇಕಿತ್ತು. ಸೈಂಟಾಲಜಿ ಚರ್ಚ್ ದೂರು ಕೊಟ್ಟಾಗ, 1995ರಲ್ಲಿ ಪೊಲೀಸರು ಅದರಿಂದ ಒಂದು ವಿಳಾಸ ಪಡೆದರು. ಮರುವರ್ಷ ಸೇವೆ ಮುಚ್ಚಿತು.

ಇಂದಿನ ಪತ್ತೆಯೂ ಇಂಥ ದಾಖಲೆಗಳ ಮೇಲೆಯೇ ನಿಂತಿದೆ. ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಸೆನ್ ಪೊಲೀಸ್ ಠಾಣೆಗೆ ದೂರು ಹೋದರೆ, ಬೆದರಿಕೆ ಬಂದ ಖಾತೆ ಯಾವ ಐಪಿ ವಿಳಾಸದಿಂದ (ಅಂತರ್ಜಾಲ ಸಂಪರ್ಕಕ್ಕೆ ಸಿಗುವ ಗುರುತಿನ ಸಂಖ್ಯೆ), ಯಾವ ಕ್ಷಣದಲ್ಲಿ ಬಳಕೆಯಾಯಿತೆಂದು ಪೊಲೀಸರು ಮೊದಲು ಜಾಲತಾಣದ ಕಂಪನಿಯನ್ನು ಕೇಳುತ್ತಾರೆ. ಆ ಕ್ಷಣದಲ್ಲಿ ಅದು ಯಾರ ಸಂಪರ್ಕಕ್ಕೆ ಸಿಕ್ಕಿತ್ತೆಂದು ಆಮೇಲೆ ದೂರಸಂಪರ್ಕ ಕಂಪನಿಯನ್ನು ಕೇಳುತ್ತಾರೆ. ಎಡವುವುದು ಇಲ್ಲಿಯೇ. ಹಾಸನದಲ್ಲಿ ರಾತ್ರಿ 9.40ಕ್ಕೆ ಬಂದ ಸಂದೇಶ ಕಂಪನಿಯ ದಾಖಲೆಯಲ್ಲಿ ಜಾಗತಿಕ ಸಮಯದಂತೆ 16.10 ಎಂದಿರಬಹುದು. ಐದೂವರೆ ಗಂಟೆ ಕೂಡಿಸುವುದನ್ನು ಮರೆತರೆ ಬೇರೆಯವರ ಮನೆ ಬಾಗಿಲು ಬಡಿದಂತೆಯೇ. ಮೊಬೈಲ್ ಜಾಲದಲ್ಲಂತೂ ಒಂದೇ ಐಪಿ ವಿಳಾಸವನ್ನು ಏಕಕಾಲಕ್ಕೆ ಅನೇಕ ಗ್ರಾಹಕರು ಹಂಚಿಕೊಂಡಿರುತ್ತಾರೆ. ಹಂಚಿಕೊಂಡ ವಿಳಾಸದಲ್ಲಿ ಒಬ್ಬೊಬ್ಬರ ಸಂಪರ್ಕವನ್ನು ಬೇರ್ಪಡಿಸುವ ಪೋರ್ಟ್ ಸಂಖ್ಯೆ ಇಲ್ಲದಿದ್ದರೆ ಅವರಲ್ಲಿ ಯಾರೆಂದು ಹೇಳಲಾಗದು.

ಇದು ಬರೀ ಊಹೆಯ ಭಯವಲ್ಲ. 2007ರಲ್ಲಿ ಶಿವಾಜಿಯನ್ನು ಅವಮಾನಿಸುವ ಚಿತ್ರವನ್ನು ಆರ್ಕುಟ್ ಎಂಬ ಸಾಮಾಜಿಕ ಜಾಲತಾಣದಲ್ಲಿ ಹಾಕಿದ ಆರೋಪದ ಮೇಲೆ ಬೆಂಗಳೂರಿನ ತಂತ್ರಜ್ಞರೊಬ್ಬರನ್ನು ಪುಣೆಯ ಪೊಲೀಸರು ಬಂಧಿಸಿದರು. ಸೇವಾ ಕಂಪನಿ ಕೊಟ್ಟ ಐಪಿ ವಿವರವೇ ತಪ್ಪಾಗಿತ್ತು. ಏನೂ ಮಾಡದ ಆ ಮನುಷ್ಯ 50 ದಿನ ಜೈಲಿನಲ್ಲಿ ಕಳೆಯಬೇಕಾಯಿತು. ಇಷ್ಟು ವರ್ಷಗಳ ನಂತರವೂ ಈ ಪ್ರಕರಣ ನನ್ನನ್ನು ಕಲಕುತ್ತದೆ.

ವಿವರ ಸರಿಯಿದ್ದರೂ ಸಿಗುವುದು ಸಂಪರ್ಕ ಪಡೆದವರ ಹೆಸರು, ಸಂದೇಶ ಬರೆದ ಕೈಯಲ್ಲ. ಹಾಸನದ ವಿದ್ಯಾರ್ಥಿನಿಲಯವೊಂದರ ವೈಫೈ ಮಾಲೀಕರ ಹೆಸರಿನಲ್ಲಿರುತ್ತದೆ, ಬಳಸುವವರು ಹುಡುಗರೆಲ್ಲರೂ. ಸಂದೇಶ ಹೊರಟ ಫೋನನ್ನೇ ವಶಪಡಿಸಿಕೊಂಡು, ಆ ಹೊತ್ತಿನಲ್ಲಿ ಅದು ಯಾರ ಕೈಯಲ್ಲಿತ್ತೆಂದು ಸಾಬೀತುಪಡಿಸಬೇಕು.

2021ರ ಐಟಿ ನಿಯಮಗಳು ದೊಡ್ಡ ಸಂದೇಶ ಸೇವೆಗಳಿಗೆ, ಆದೇಶ ಬಂದಾಗ ಸಂದೇಶದ ಮೊದಲ ಮೂಲವನ್ನು ಗುರುತಿಸಿಕೊಡಬೇಕೆಂದವು. ಹಾಗೆ ಮಾಡಿದರೆ ಕಳುಹಿಸಿದವರು, ಪಡೆದವರು ಬಿಟ್ಟು ಬೇರೆ ಯಾರೂ ಓದಲಾಗದಂತೆ ಕಾಯುವ ಎಲ್ಲರ ಗೂಢಲಿಪಿ ರಕ್ಷಣೆಯೂ ಮುರಿಯುತ್ತದೆಂದು ವಾಟ್ಸ್‌ಆ್ಯಪ್ ಅದೇ ವರ್ಷ ದೆಹಲಿ ಹೈಕೋರ್ಟ್‌ಗೆ ಹೋಯಿತು. ಒಬ್ಬ ಕಿಡಿಗೇಡಿಗಾಗಿ ಎಲ್ಲರ ಮಾತಿಗೂ ಗುರುತು ಅಂಟಿಸುವುದು ನನಗೆ ಒಪ್ಪಿಗೆಯಿಲ್ಲ.

ಬೆದರಿಕೆಗೆ ಗುರಿಯಾದವರ ನೋವು ಸಣ್ಣದಲ್ಲ. ಅವರಿಗೆ ದಾರಿಯೂ ಇದೆ, ಆದರೆ ಅದಕ್ಕೆ ಗಡುವಿದೆ. ಸೇವಾ ಸಂಸ್ಥೆಗಳು ಬಳಕೆಯ ದಾಖಲೆಗಳನ್ನು 180 ದಿನ ಇಟ್ಟಿರಬೇಕೆಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರಲ್ಲಿ ಆದೇಶಿಸಿತು. ಆ ಅವಧಿ ಕಳೆದ ಮೇಲೆ ಜಾಡು ಅಳಿಸಿಹೋಗಿರಬಹುದು. ಸ್ಕ್ರೀನ್‌ಶಾಟ್ ಒಂದನ್ನೇ ನೆಚ್ಚದೆ, ಮೂಲ ಸಂದೇಶವನ್ನು ಅಳಿಸದೆ, ಖಾತೆಯ ಕೊಂಡಿ ಮತ್ತು ಸಂದೇಶ ಬಂದ ಸಮಯವನ್ನು ಬರೆದಿಟ್ಟುಕೊಂಡು ಕೂಡಲೇ ದೂರು ಕೊಡಬೇಕು.